ಓದಲು ಹೋದ ಇಲಾರಿಯೋನ್ ತಾತ

ಕೊರ್ದೊಬಾ, ಆರ್ಜೆಂಟೀನಾ
ಮಾರ್ಚ್ 27, 1988

ಅಮ್ಮಾ,

ತಲುಪಿದೆ. ಬಸ್ಸಿನಿಂದ ಇಳಿದ ಮೇಲೂ ಎರಡು ದಿನ ನೆಲ ನನ್ನ ಕಾಲ ಕೆಳಗೆ ಓಡುತ್ತಲೇ ಇತ್ತು. ಇಲ್ಲಿ ಉಸಿರಿಗೆ ಬರವಿಲ್ಲ, ಮೂರು ಮಹಡಿ ಹತ್ತಿದರೂ ಏದುಸಿರು ಬರುವುದಿಲ್ಲ. ಆದರೆ ತಲೆಯೆತ್ತಿದರೆ ನಮ್ಮ ಹಿಮದ ಬೆಟ್ಟ ಕಾಣುವುದಿಲ್ಲವಲ್ಲ, ಮನೆ ಯಾವ ದಿಕ್ಕಿಗೆ ಎಂದೇ ತಿಳಿಯದೆ ರಸ್ತೆಯಲ್ಲಿ ನಿಂತುಬಿಡುತ್ತೇನೆ.

ನನ್ನ ಕೋಣೆಯಲ್ಲಿ ಮಿರ್ತಾ ಎಂಬ ಹುಡುಗಿ ಇದ್ದಾಳೆ. ಹತ್ತಿ ಬೆಳೆಯುವ ಚಾಕೋ ಕಡೆಯವಳು, ನನ್ನ ಹಾಗೆಯೇ ವೈದ್ಯಕೀಯ ಮೊದಲ ವರ್ಷ. ಇಲ್ಲಿ ಎಲ್ಲರೂ ಒಂದೇ ಬಟ್ಟಲಿನಿಂದ, ಒಂದೇ ಕೊಳವೆಯಿಂದ ಸರದಿಯಲ್ಲಿ ಮಾತೆ ಎಂಬ ಕಹಿ ಎಲೆಯ ಕಷಾಯ ಹೀರುತ್ತಾರೆ. ಮೊದಲ ದಿನ ನನಗೂ ಕೊಟ್ಟರು. ನೀನು ಕಲಿಸಿದ ಹಾಗೆ ಬಟ್ಟಲು ಹಿಂದಿರುಗಿಸುವಾಗ ಥ್ಯಾಂಕ್ಸ್ ಹೇಳಿದೆ. ಅಂದಿನಿಂದ ಒಂದು ವಾರ ಬಟ್ಟಲು ನನ್ನನ್ನು ದಾಟಿಕೊಂಡೇ ಹೋಯಿತು. ಏನು ತಪ್ಪು ಮಾಡಿದೆನೋ ಎಂದು ಹಾಸಿಗೆಯಲ್ಲಿ ಮುಖ ಮುಚ್ಚಿಕೊಂಡು ಅತ್ತೆ. ಕೊನೆಗೆ ಮಿರ್ತಾ ನಗುತ್ತಾ ಹೇಳಿದಳು: "ಥ್ಯಾಂಕ್ಸ್ ಅಂದ್ರೆ ಇನ್ನು ಸಾಕು ಅಂತ ಕಣೇ! ನೀನೇ ಬೇಡ ಅಂದ್ಮೇಲೆ ನಾವ್ಯಾಕೆ ಬಾಯಿಗೆ ತುರುಕೋಣ?" ನೋಡು, ಮರ್ಯಾದೆ ತೋರಿಸಿ ಉಪವಾಸ ಬಿದ್ದವಳು ನಾನೊಬ್ಬಳೇ ಇರಬೇಕು.

ಅದೆಲ್ಲ ಹೋಗಲಿ. ನಿಜವಾದ ಕಷ್ಟ ಬೇರೆಯೇ ಇದೆ. ಅಂಗರಚನೆಯಲ್ಲಿ ಮೊದಲ ಪಾಠವೇ ತಲೆ. ಪ್ರತಿಯೊಬ್ಬರೂ ಒಂದು ತಲೆಬುರುಡೆ ಹೊಂದಿಸಿಕೊಳ್ಳಬೇಕು. ಡಾಕ್ಟರರ ಮಕ್ಕಳಿಗೆ ಅಪ್ಪನ ಕಾಲದ್ದು ಮನೆಯಲ್ಲೇ ಇರುತ್ತದೆ. ಉಳಿದವರು ಸ್ಮಶಾನದ ಕಾವಲುಗಾರನ ಕೈ ಬಿಸಿ ಮಾಡಿ ತರುತ್ತಿದ್ದರಂತೆ, ಈ ವರ್ಷ ಅವನನ್ನು ಪೊಲೀಸರು ಹಿಡಿದಿದ್ದಾರೆ. ಬುರುಡೆ ಇದ್ದವರು ಮೇಜಿನ ಸುತ್ತ ಕೂರುತ್ತಾರೆ, ಇಲ್ಲದವರು ಅವರ ಹಿಂದೆ ನಿಲ್ಲುತ್ತಾರೆ. ನಾನು ಈವರೆಗೆ ಕಲಿತದ್ದೆಲ್ಲ ಬೆನ್ನುಗಳ ವಿಷಯ. ನಿನ್ನೆ ಒಬ್ಬ ಹುಡುಗ ಹಿಂದಿರುಗಿ ನನ್ನ ಜಡೆ ನೋಡಿ, "ಏನಮ್ಮಾ, ಬೆಳ್ಳುಳ್ಳಿ ಹೇಗೆ ಕೊಟ್ಟೆ?" ಎಂದ. ಇಲ್ಲಿನ ಸಂತೆಯಲ್ಲಿ ಬೆಳ್ಳುಳ್ಳಿ ಮಾರುವವರೆಲ್ಲ ಗಡಿ ದಾಟಿ ಬಂದ ನಮ್ಮ ಬೆಟ್ಟದ ಕಡೆಯವರೇ. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೇನು ಮಾಡಲಿ?

ಜೂನ್‌ನಲ್ಲಿ ಪರೀಕ್ಷೆ. ಅದು ಹೋದರೆ ವರ್ಷ ಹೋಯಿತು, ಇಲ್ಲಿರುವ ಪರವಾನಗಿಯೂ ಹೋಯಿತು. ರುಫೀನೊ ಅಣ್ಣನಿಗೆ ಇದನ್ನು ಹೇಳಬೇಡ, ಅವನು ಆಡಿಕೊಳ್ಳುತ್ತಾನೆ.

ನಿನ್ನ ಬಿಸಿ ಆಪಿಯ ಗಂಜಿಗಾಗಿ ಹಂಬಲಿಸುತ್ತಿರುವ,
ನಿಯೆವೆಸ್


ಲಾ ಪಾಸ್
ಏಪ್ರಿಲ್ 17, 1988

ಮಗಳೇ ನಿಯೆವೆಸ್,

ನಿನ್ನ ಕಾಗದವನ್ನು ಒಲೆಯ ಪಕ್ಕ ಕೂತು ಓದಿದೆ. ಆಪಿ ಉಕ್ಕಿ ಅರ್ಧ ಒಲೆಗೇ ಹೋಯಿತು. ಬೆನ್ನು ನೋಡಿಕೊಂಡು ಡಾಕ್ಟರಾದವರು ಯಾರೂ ಇಲ್ಲ. ನಮ್ಮ ಮನೆಯ ಗೂಡಿನಲ್ಲೇ ಒಬ್ಬರು ಹಿರಿಯರು ಕೂತಿರುವಾಗ ನೀನು ಕಂಡವರ ಬುರುಡೆಗೆ ಕತ್ತು ಚಾಚಿಕೊಂಡು ನಿಲ್ಲುವುದೇ? ನನಗೆ ಸಿಟ್ಟೇ ಬಂತು.

ಸೋಮವಾರ ಇಲಾರಿಯೋನ್ ತಾತನ ಬಾಯಿಗೆ ಸಿಗರೇಟು ಹಚ್ಚಿಟ್ಟು ಕೇಳಿದೆ. "ತಾತಾ, ಹುಡುಗಿ ಅಲ್ಲಿ ಒಬ್ಳೇ ಒದ್ದಾಡ್ತಾ ಇದಾಳೆ. ಸ್ವಲ್ಪ ದಿನ ಹೋಗಿ ಪಾಠ ಹೇಳ್ಕೊಟ್ಟು ಬರ್ತೀರಾ?" ಸಿಗರೇಟು ತುದಿಯವರೆಗೂ ಸಮವಾಗಿ ಉರಿಯಿತು, ಬೂದಿ ಮುರಿಯಲಿಲ್ಲ. ಒಪ್ಪಿದರು. ರುಫೀನೊ ಬಾಗಿಲಲ್ಲಿ ನಿಂತು, "ಹೋಗ್ಲಿ ಬಿಡಮ್ಮಾ, ಅರವತ್ತು ವರ್ಷ ಗೂಡಲ್ಲಿ ಕೂತು ಬೇಜಾರಾಗಿರತ್ತೆ, ಓದಿ ಕೆಲಸಕ್ಕಾದ್ರೂ ಸೇರ್ಲಿ" ಎಂದ. ಅವನ ಬಾಯಿಗೆ ಬೀಗ ಹಾಕುವವರಿಲ್ಲ.

ನಿನ್ನ ಜ್ಞಾನಸ್ನಾನಕ್ಕೆ ತಾಯಿಯಾಗಿ ನಿಂತ ಫೆಲಿಪಾ ಮುಂದಿನ ವಾರ ಉಣ್ಣೆ ಬಟ್ಟೆ ಮಾರಲು ಗಡಿ ದಾಟುತ್ತಾಳೆ. ಗಂಟಿನೊಳಗೆ ತಾತನನ್ನು ಕೂರಿಸಿ ಕಳಿಸುತ್ತೇನೆ. ತಲೆಗೆ ಟೋಪಿ ಇರಲಿ, ನೆಗಡಿಯ ಊರದು. ಸೋಮವಾರದ ಸಿಗರೇಟು ತಪ್ಪಿಸಬೇಡ. ಯಾರೂ ಕಣ್ಣಿನ ಕುಳಿಗೆ ಬೆರಳು ಹಾಕಿ ಎತ್ತದಂತೆ ನೋಡಿಕೋ. ನಮ್ಮ ರಕ್ತದವರಲ್ಲ ನಿಜ. ಗೋರಿಯ ಬಾಡಿಗೆ ಕಟ್ಟುವವರಿಲ್ಲದೆ ಹೊರಗೆ ಹಾಕಿದವರ ತಲೆಯನ್ನು ನನ್ನ ಅವ್ವ ಶಾಲಿನಲ್ಲಿ ಸುತ್ತಿ ತಂದಳು. ಆದರೆ ನಮಗೆ ಅವರಿಗಿಂತ ದೊಡ್ಡವರು ಯಾರಿದ್ದಾರೆ?

ಒಂದು ಮಾತು ಮಾತ್ರ ಗಟ್ಟಿಯಾಗಿ ಹಿಡಿದುಕೋ. ನಿನ್ನಣ್ಣ ಈಗ ಯುಂಗಾಸ್ ಕಣಿವೆಯ ದಾರಿಯಲ್ಲಿ ಹಣ್ಣಿನ ಲಾರಿ ಓಡಿಸುತ್ತಿದ್ದಾನೆ. ಆ ದಾರಿ ನಿನಗೆ ಗೊತ್ತು, ನಿನ್ನಪ್ಪ ಅಲ್ಲೇ ಹೋದದ್ದು. ರುಫೀನೊ ಹೊರಡುವಾಗಲೆಲ್ಲ ಅವನನ್ನು ತಾತನಿಗೆ ಒಪ್ಪಿಸಿ ಕಳಿಸುತ್ತೇನೆ. ಅಷ್ಟು ಮಾಡಿದರೆ ಮಾತ್ರ ನನಗೆ ಅನ್ನ ಇಳಿಯುತ್ತದೆ. ನವೆಂಬರ್ ಎಂಟರಂದು, ಮನೆ ಮನೆಯ ಬುರುಡೆಗಳೆಲ್ಲ ಸೇರುವ ಮೋಟುಮೂಗಿನವರ ಹಬ್ಬಕ್ಕೆ, ತಾತ ಸ್ಮಶಾನದ ಗುಡಿಯಲ್ಲಿ ಹೂವಿನ ಕಿರೀಟ ಇಟ್ಟುಕೊಂಡು ನನ್ನ ಮಡಿಲಲ್ಲಿ ಕೂತಿರಬೇಕು. ಹೇಗೆ ಹೋದರೋ ಹಾಗೆಯೇ ಬರಬೇಕು.

ನಿನ್ನ ತಲೆ ಸವರುವ,
ಅಮ್ಮ ಬಾಸಿಲಿಯಾ


ಕೊರ್ದೊಬಾ
ಮೇ 22, 1988

ಅಮ್ಮಾ,

ತಾತ ಕ್ಷೇಮವಾಗಿ ಬಂದರು. ಗಡಿಯಲ್ಲಿ ಕಾವಲಿನವನು ಗಂಟು ಬಿಚ್ಚಿಸಿದನಂತೆ. ಫೆಲಿಪಾ ದೊಡ್ಡಮ್ಮ ಹೇಳಿದ್ದನ್ನು ಹಾಗೇ ಬರೆಯುತ್ತೇನೆ. "'ಏನಿದು?' ಅಂದ. 'ನಮ್ಮ ಹಿರೀಕರು, ಓದೋಕೆ ಹೊರಟಿದಾರೆ' ಅಂದೆ. ಅವನೂ ಬೆಟ್ಟದ ಕಡೆಯವನೇ ಕಣೇ, ಟೊಪ್ಪಿಗೆ ತೆಗೆದು ಶಿಲುಬೆ ಗುರುತು ಹಾಕ್ಕೊಂಡು ಬಿಟ್ಬಿಟ್ಟ. ನನ್ನ ಉಣ್ಣೆಗೆ ಮಾತ್ರ ಸುಂಕ ಕಿತ್ಕೊಂಡ, ಹಾಳಾದವನು!"

ನಾನು ಗಂಟು ಬಿಚ್ಚಿದಾಗ ಮಿರ್ತಾ ಕಿರುಚಿದ ಸದ್ದಿಗೆ ಕೆಳಗಿನ ಮನೆಯವರು ಬಂದರು. ಎರಡು ದಿನ ಗೋಡೆ ಕಡೆ ತಿರುಗಿ ಮಲಗಿದಳು. ಮೂರನೆಯ ದಿನ ನಾನು ಸಿಗರೇಟು ಹಚ್ಚುವಾಗ, "ಬರೀ ಸಿಗರೇಟಾ? ಪಾಪ, ಗಂಟಲು ಒಣಗಲ್ವಾ?" ಎಂದು ತಾತನ ಮುಂದೆ ಒಂದು ಬಟ್ಟಲು ಮಾತೆ ಇಟ್ಟಳು. ಈಗ ಕಾಲೇಜಿಗೆ ಹೊರಡುವಾಗ ನನಗಿಂತ ಮೊದಲು ಅವರಿಗೇ ಹೇಳಿ ಹೋಗುತ್ತಾಳೆ.

ಮೇಜಿನ ಬಳಿ ನನಗೀಗ ಜಾಗವಿದೆ. ಬೆಳ್ಳುಳ್ಳಿಯ ಹುಡುಗ, "ನಿಯೆವೆಸ್, ನಿಮ್ ತಾತನ್ನ ಒಂದ್ಸಲ ಈ ಕಡೆ ಕೊಡ್ತೀಯಾ?" ಎಂದು ಕೇಳುತ್ತಾನೆ. ನಾನು ಎರಡೂ ಕೈಯಲ್ಲಿ ಕೊಡುತ್ತೇನೆ, ಅವನೂ ಎರಡೂ ಕೈಯಲ್ಲಿ ತೆಗೆದುಕೊಳ್ಳುತ್ತಾನೆ. ನಮ್ಮ ಮೇಷ್ಟ್ರು ಲೆದೆಸ್ಮಾ ತಾತನ ಎಡ ಹುಬ್ಬಿನ ಮೇಲೆ ಬೆರಳಾಡಿಸಿ ಒಂದು ಸಂಗತಿ ಹೇಳಿದರು. ಅಲ್ಲೊಂದು ಹಳೆಯ ಬಿರುಕಿದೆ, ಕೂಡಿಕೊಂಡಿದೆ. ಯಾರೋ ಹೊಡೆದದ್ದೋ ಬಿದ್ದದ್ದೋ, ಆದರೆ ಆಮೇಲೆ ತುಂಬಾ ವರ್ಷ ಬದುಕಿದ್ದರಂತೆ.

ಬಂದ ಮೇಲೆ ಮೊದಲ ಸಲ ಇಲ್ಲಿ ನಿದ್ದೆ ಹತ್ತುತ್ತಿದೆ. ಮನೆಯವರೊಬ್ಬರು ಜೊತೆಗಿದ್ದಾರೆ ಅನಿಸುತ್ತದೆ.

ನಿನ್ನ,
ನಿಯೆವೆಸ್


ಲಾ ಪಾಸ್
ಜೂನ್ 19, 1988

ಮಗಳೇ,

ಹುಬ್ಬಿನ ಗಾಯದ ವಿಷಯ ಓದಿ ನಾಚಿಕೆಯಾಯಿತು. ಇಷ್ಟು ವರ್ಷ ಅವರ ಮುಂದೆ ಕೂತು ನನ್ನ ಗೋಳನ್ನೇ ತೋಡಿಕೊಂಡೆ. ನಿಮಗೇನಾದರೂ ನೋವಿತ್ತಾ ತಾತಾ ಎಂದು ಒಂದು ದಿನವೂ ಕೇಳಲಿಲ್ಲ. ನೀನು ಓದಿದ್ದು ಸಾರ್ಥಕ. ಆ ಜಾಗಕ್ಕೆ ಸ್ವಲ್ಪ ಎಣ್ಣೆ ಹಚ್ಚು.

ಇಲ್ಲಿ ಗೂಡು ಬರಿದಾಗಿದೆ. ಆದರೂ ಹೂವಿಡುತ್ತೇನೆ. ಮೊನ್ನೆ ರುಫೀನೊನ ಲಾರಿಯ ಹಿಂದಿನ ಚಕ್ರ ಕಣಿವೆಯ ಅಂಚಿನಲ್ಲಿ ಗಾಳಿಗೆ ತಿರುಗುತ್ತಾ ನಿಂತಿತ್ತಂತೆ. ಅವನು ಹೇಳಲಿಲ್ಲ. ಕ್ಲೀನರ್ ಆಪಿ ಕುಡಿಯಲು ಬಂದವನು ಬಾಯಿ ಬಿಟ್ಟ. ಕೇಳಿದರೆ ನಿನ್ನಣ್ಣ, "ಒಂದು ಚಕ್ರ ತಾನೇ, ಮಿಕ್ಕ ಐದು ರಸ್ತೆ ಮೇಲೇ ಇದ್ವಲ್ಲ" ಎನ್ನುತ್ತಾನೆ. ನಾನು ಹೆದರಿಲ್ಲ. ನಿನಗೆ ಅಲ್ಲಿ ಅವರು ಬೇಕು. ನವೆಂಬರ್‌ವರೆಗೆ ತಡೆದುಕೊಳ್ಳುತ್ತೇನೆ.

ಅಮ್ಮ


ಕೊರ್ದೊಬಾ
ಆಗಸ್ಟ್ 7, 1988

ಅಮ್ಮಾ,

ಜೂನ್ ಪರೀಕ್ಷೆ ಪಾಸಾದೆ. ಮಿರ್ತಾ ತಾತನಿಗೆ ಹೊಸ ಟೋಪಿ ಹೊಲಿಸಿ ಕೊಟ್ಟಳು, ಚೆಂಡಾಟದ ತಂಡದ ಬಣ್ಣದ್ದು. ಬೈಯಬೇಡ.

ಈಗ ಪಾಠ ತಲೆಯ ಒಳಭಾಗಕ್ಕೆ ಬಂದಿದೆ. ಒಳಗಿನ ತಳ ಕಾಣಬೇಕಾದರೆ ನೆತ್ತಿಯನ್ನು ಗರಗಸದಿಂದ ಕೊಯ್ದು ಮುಚ್ಚಳದಂತೆ ತೆಗೆಯಬೇಕು. ಎಲ್ಲರೂ ತಮ್ಮ ತಮ್ಮದನ್ನು ಕೊಯ್ಯಿಸಿದರು. ನಾನು ಆಗುವುದಿಲ್ಲ ಎಂದೆ. ಲೆದೆಸ್ಮಾ ಮೇಷ್ಟ್ರು ಬೈಯಲಿಲ್ಲ. "ಮುಚ್ಚಿದ ಪೆಟ್ಟಿಗೆ ಮುಂದಿಟ್ಕೊಂಡು ಒಳಗೇನಿದೆ ಅಂತ ಹೇಗಮ್ಮಾ ಹೇಳ್ತೀಯಾ?" ಎಂದು ಕೇಳಿದರು, ಅಷ್ಟೇ. ನಾನು ಮತ್ತೆ ಬೆನ್ನುಗಳ ಹಿಂದೆ ಬಂದಿದ್ದೇನೆ. ಪರವಾಗಿಲ್ಲ, ಇಣುಕಿ ನೋಡಿ ಕಲಿಯುತ್ತೇನೆ.

ನೀನು ಯೋಚನೆ ಮಾಡಬೇಡ. ಮಾತು ಕೊಡುತ್ತೇನೆ, ತಾತ ಹೋದ ಹಾಗೆಯೇ ಬರುತ್ತಾರೆ.

ನಿನ್ನ,
ನಿಯೆವೆಸ್


ಕೊರ್ದೊಬಾ
ಸೆಪ್ಟೆಂಬರ್ 25, 1988

ರುಫೀನೊ ಅಣ್ಣಾ,

ಇದನ್ನು ನಿನ್ನ ಲಾರಿ ನಿಲ್ದಾಣದ ವಿಳಾಸಕ್ಕೆ ಬರೆಯುತ್ತಿದ್ದೇನೆ. ಅಮ್ಮನ ಕೈಗೆ ಸಿಗಬಾರದು. ಓದಿ ಹರಿದುಹಾಕು.

ತಾತನನ್ನು ಕೊಯ್ದುಬಿಟ್ಟರು.

ಹೋದ ವಾರ ನನಗೆ ಜೋರು ಜ್ವರ, ಎದ್ದು ಕೂರಲೂ ಆಗುತ್ತಿರಲಿಲ್ಲ. ಲೆದೆಸ್ಮಾ ಮೇಷ್ಟ್ರು ತರಗತಿಯಲ್ಲಿ ಮಿರ್ತಾಳ ಹತ್ತಿರ, ನಿಯೆವೆಸಳ ಬುರುಡೆ ತಂದುಕೊಡು ಎಂದರಂತೆ. ಪಾಠಕ್ಕಿರಬೇಕು ಎಂದುಕೊಂಡು ಅವಳು ಕೊಟ್ಟಳು. ನಾನು ಮಲಗಿದ್ದೆ, ನನಗೆ ತಿಳಿಯಲೇ ಇಲ್ಲ. ಶನಿವಾರ ಮಧ್ಯಾಹ್ನ, ಕಾಲೇಜು ಖಾಲಿ ಇದ್ದಾಗ, ಅವರು ಒಬ್ಬರೇ ಬಾಗಿಲು ಹಾಕಿಕೊಂಡು ಕೆಲಸ ಮುಗಿಸಿದ್ದಾರೆ. ಸಂಜೆ ತಾವೇ ಹೊತ್ತು ತಂದರು, ಜೊತೆಗೆ ನನಗೆಂದು ಒಂದು ಚೀಲ ಕಿತ್ತಳೆ.

"ಬೇರೆಯವರಿಗೆ ನಾನು ಇಷ್ಟು ನಯವಾಗಿ ಮಾಡಿಕೊಡಲ್ಲ, ಯಾರಿಗೂ ಹೇಳ್ಬೇಡ. ಕೊಯ್ಸೋಕೆ ನಿನ್ನ ಹತ್ರ ದುಡ್ಡಿಲ್ಲ, ಬಾಯಿಬಿಟ್ಟು ಕೇಳೋಕೆ ಸಂಕೋಚ, ಅದಕ್ಕೇ ಬೇಡ ಅಂದಿರ್ತೀಯಾ. ನಂಗೆ ಗೊತ್ತಾಗಲ್ವಾ?" ಎಂದರು. ಅವರ ಮುಖದಲ್ಲಿ ಎಷ್ಟು ಸಂತೋಷವಿತ್ತು ಗೊತ್ತೇ? ಮುಚ್ಚಳಕ್ಕೆ ಎರಡು ಹಿತ್ತಾಳೆ ಕೊಂಡಿ ಹಾಕಿದ್ದರು, ಅದನ್ನು ತೆಗೆದು, ಹಾಕಿ ತೋರಿಸಿದರು. ಕಿರುಚಬೇಕು ಅನಿಸಿತು. ಅಷ್ಟು ದೂರ ನಡೆದು ಬಂದ ಮನುಷ್ಯನ ಮೇಲೆ ಹೇಗೆ ಕಿರುಚುವುದು? ಕಿತ್ತಳೆ ತೆಗೆದುಕೊಂಡೆ. ಅವರು ಹೋದ ಮೇಲೆ ಚೀಲವನ್ನು ಮಂಚದ ಕೆಳಗೆ ತಳ್ಳಿದೆ.

ಹಳೆಯ ಗಾಯದ ಮೇಲೆಯೇ ಗರಗಸ ಹೋಗಿದೆ, ಅಣ್ಣಾ. ಮಿರ್ತಾ ಅಳುತ್ತಿದ್ದಾಳೆ. ಅವಳ ಮೇಲೂ ಸಿಟ್ಟು ಮಾಡಿಕೊಳ್ಳಲಾರೆ. ಅಮ್ಮನಿಗೆ ಏನು ಹೇಳಲಿ? ಇನ್ನೊಂದು ವಿಷಯ ಹೇಳಲು ಬಾಯಿ ಬರುತ್ತಿಲ್ಲ. ನಿನ್ನೆಯಿಂದ ನಾನೂ ಅದನ್ನು ತೆಗೆದು ಒಳಗೆ ನೋಡಿ ಓದುತ್ತಿದ್ದೇನೆ. ಎಲ್ಲ ಚೆನ್ನಾಗಿ ಅರ್ಥವಾಗುತ್ತಿದೆ.

ನಿನ್ನ ತಂಗಿ,
ನಿಯೆವೆಸ್


ಲಾ ಪಾಸ್
ಅಕ್ಟೋಬರ್ 16, 1988

ಲೇ ನಿಯೆವೆ,

ಕಾಗದ ಬಂತು, ಓದಿದೆ, ಇವತ್ತು ಹರಿದೆ. ಲಾರಿಯವನ ಕೈಗೆ ಪೆನ್ನು ಕೊಡಿಸಿದೆಯಲ್ಲ, ಅಕ್ಷರ ನೋಡಿ ನಗಬೇಡ.

ಅಮ್ಮನಿಗೆ ಹೇಳಬೇಡ. ಟೋಪಿ ಕಿವಿಯವರೆಗೆ ಎಳೆದು ಕಳಿಸು. ಆ ಜನಜಾತ್ರೆಯಲ್ಲಿ, ಹೂವು ಹೊಗೆ ವಾದ್ಯದ ಗಲಾಟೆಯಲ್ಲಿ ಯಾರು ನೋಡುತ್ತಾರೆ? ಮನೆಗೆ ಬಂದ ಮೇಲೆ ನಾನೇ ಗೋಂದು ಹಾಕಿ ಕೂಡಿಸುತ್ತೇನೆ. ಲಾರಿಯ ಗಾಜು ಕೂಡಿಸಿದವನಿಗೆ ಇದೇನು ಮಹಾ?

ಹೀಗೆ ಬರೆದು ನಕ್ಕುಬಿಡೋಣ ಎಂದುಕೊಂಡೆ. ಆಗುತ್ತಿಲ್ಲ. ತಾತನನ್ನು ಹುಟ್ಟಿದಾಗಿನಿಂದ ಆಡಿಕೊಂಡವನು ನಾನು. ಚಿಕ್ಕವನಿದ್ದಾಗ ಅವರ ಬಾಯಿಯ ಸಿಗರೇಟು ಕದ್ದು ಸೇದಿದ್ದೆ, ನಿನಗೆ ನೆನಪಿರಬೇಕು. ಆದರೆ ನಿನ್ನ ಕಾಗದ ಜೇಬಿನಲ್ಲಿಟ್ಟುಕೊಂಡು ಮೊನ್ನೆ ಕಣಿವೆಗೆ ಇಳಿದಾಗ, ಪ್ರತಿ ತಿರುವಿನಲ್ಲೂ ಹಾರ್ನ್ ಒತ್ತಿ ಒತ್ತಿ ಹೆಬ್ಬೆರಳು ಮರಗಟ್ಟಿತು. ಕ್ಲೀನರ್, "ಏನ್ ಬಾಸ್, ಮದುವೆ ಮೆರವಣಿಗೆನಾ?" ಎಂದ. ನನಗೆ ಏನೂ ನಂಬಿಕೆ ಇಲ್ಲ, ತಿಳಿಯಿತೇ? ಸುಮ್ಮನೆ ಹೇಳಿದೆ.

ಸುಳ್ಳು ಹೇಳುವುದಾದರೆ ಪೂರ್ತಿ ಹೇಳು. ಅರ್ಧ ಸುಳ್ಳನ್ನು ಅಮ್ಮ ವಾಸನೆಯಲ್ಲೇ ಹಿಡಿಯುತ್ತಾಳೆ.

ರುಫೀನೊ


ಕೊರ್ದೊಬಾ
ಅಕ್ಟೋಬರ್ 30, 1988

ಅಮ್ಮಾ,

ನನಗೆ ನವೆಂಬರ್ ಹನ್ನೊಂದಕ್ಕೆ ಕೊನೆಯ ಪರೀಕ್ಷೆ, ಬರಲಾಗುವುದಿಲ್ಲ. ತಾತನನ್ನು ಫೆಲಿಪಾ ದೊಡ್ಡಮ್ಮನ ಜೊತೆ ಕಳಿಸುತ್ತಿದ್ದೇನೆ. ನಾನೇ ಒಂದು ಟೋಪಿ ಹೆಣೆದಿದ್ದೇನೆ, ಸ್ವಲ್ಪ ಬಿಗಿಯಾಗಿದೆ. ತೆಗೆಯಬೇಡ, ಅದರ ಮೇಲೆಯೇ ಕಿರೀಟ ಇಡು. ದಾರಿಯಲ್ಲಿ ಚಳಿ ಹಿಡಿದಿರುತ್ತದೆ.

ಓದುವುದು ಬಹಳ ಇದೆ. ಇಷ್ಟೇ.

ನಿಯೆವೆಸ್


ಲಾ ಪಾಸ್
ನವೆಂಬರ್ 13, 1988

ನಿಯೆವೆಸ್,

ಟೋಪಿ ತೆಗೆಯಬೇಡ ಎಂದು ನೀನು ಬರೆದಿದ್ದೆ. ನಾನು ತೆಗೆದೆ. ಗುಡಿಯಲ್ಲಿ ಪಾದ್ರಿ ತೀರ್ಥ ಚಿಮುಕಿಸುವಾಗ ತಲೆ ಬರಿದಾಗಿರಬೇಕಲ್ಲ, ನಿನಗೆ ಮರೆತುಹೋಯಿತೇ? ಎಳೆದರೆ ಬರಲಿಲ್ಲ. ಜೋರಾಗಿ ಎಳೆದೆ. ಟೋಪಿಯ ಜೊತೆಗೆ ತಾತನ ನೆತ್ತಿ ನನ್ನ ಕೈಗೆ ಬಂತು.

ಪಕ್ಕದವಳು, "ಅಯ್ಯೋ ದೇವ್ರೇ, ಇವಳ್ದು ಒಡೆದ್ಹೋಯ್ತು!" ಎಂದು ಕೂಗಿದಳು. ಜನ ಹಿಂದೆ ಸರಿದರು. ತೀರ್ಥದ ಹನಿ ಒಳಗೇ ಬಿತ್ತು. ನಾನು ಒಳಗೆ ನೋಡಿದೆ. ನನ್ನ ಮದುವೆ, ನಿಮ್ಮ ಹೆರಿಗೆ, ನಿಮ್ಮಪ್ಪನ ಸಾವು, ಎಲ್ಲವನ್ನೂ ಆ ತಲೆಗೆ ಹೇಳಿಕೊಂಡವಳು ನಾನು. ಒಳಗೆ ಏನೂ ಇರಲಿಲ್ಲ. ಮೂಳೆಯ ಮೇಲೆ ನಿನ್ನ ಪೆನ್ಸಿಲ್‌ನ ಸಣ್ಣ ಸಣ್ಣ ಅಂಕಿಗಳಿದ್ದವು.

ರುಫೀನೊ ಎಲ್ಲ ಹೇಳಿದ, ಪಾಠಕ್ಕಾಗಿ ಕೊಯ್ದರು ಎಂದ. ಪೂರ್ತಿ ಹೇಳಿದನೋ ಇಲ್ಲವೋ, ನನ್ನ ಮುಖ ನೋಡಲಿಲ್ಲ. ನಿನ್ನ ಮೇಲೆ ಸಿಟ್ಟಿಲ್ಲ. ಕಳಿಸಿದವಳು ನಾನು. ಓದಿಗೆ ಕಳಿಸಿದ ಮೇಲೆ ಓದಿಗೆ ಬೇಕಾದ್ದು ಮಾಡುತ್ತಾರೆ, ಅಷ್ಟು ಬುದ್ಧಿ ನನಗಿರಬೇಕಿತ್ತು.

ಆದರೆ ಒಂದು ಕೇಳುತ್ತೇನೆ. ಅವರನ್ನು ಕೊಯ್ಯುವಾಗ ನೀನು ಪಕ್ಕದಲ್ಲಿದ್ದೆಯಾ? ನಮ್ಮವರೊಬ್ಬರು ಪಕ್ಕದಲ್ಲಿದ್ದು, ಹೆಸರು ಹಿಡಿದು ಮಾತಾಡಿಸಿದ್ದರೆ ಅದು ಆಸ್ಪತ್ರೆಯಲ್ಲಿ ಚಿಕಿತ್ಸೆ ಮಾಡಿಸಿದ ಹಾಗೆ, ಅವರಿಗೆ ಮುನಿಸು ಇರುವುದಿಲ್ಲ. ಯಾರೂ ಇಲ್ಲದೆ, ಪರಊರಿನವರ ಕೈಯಲ್ಲಿ ಒಬ್ಬರೇ ಸಿಕ್ಕಿದ್ದರೆ, ಅವರು ನಮ್ಮನ್ನು ಬಿಟ್ಟ ಹಾಗೆಯೇ. ಆಗ ನಾನು ರುಫೀನೊನನ್ನು ಯಾರಿಗೆ ಒಪ್ಪಿಸಿ ಕಳಿಸಲಿ?

ನಿನ್ನ ಉತ್ತರ ಬರುವವರೆಗೆ ಅವನು ಲಾರಿ ಹತ್ತಬಾರದು ಎಂದು ಹೇಳಿದ್ದೇನೆ. ಬಾಗಿಲಿಗೆ ಅಡ್ಡ ಕೂತಿದ್ದೇನೆ. ಮಾಲೀಕ ಎರಡು ಸಲ ಬಂದು ಕೂಗಾಡಿ ಹೋದ, ಬೇರೆ ಡ್ರೈವರ್ ನೋಡಿಕೊಳ್ಳುತ್ತಾನಂತೆ. ನಿನ್ನಣ್ಣ ಜಗಳವನ್ನೂ ಆಡದೆ ಬೂಟು ಬಿಚ್ಚಿ ಮೂಲೆಗಿಟ್ಟಿದ್ದಾನೆ. ನಿಜ ಬರೆ.

ಅಮ್ಮ


ಕೊರ್ದೊಬಾ
ನವೆಂಬರ್ 24, 1988

ಅಮ್ಮಾ,

ನಿನ್ನ ಕಾಗದ ಇವತ್ತು ಬಂತು. ನಾನು ಪರೀಕ್ಷೆ ಪಾಸಾದೆ. ತಲೆಯ ಒಳಗಿನ ತಳವನ್ನೇ ಕೇಳಿದರು. ಒಂದೂ ಬಿಡದೆ ಹೇಳಿದೆ. ಲೆದೆಸ್ಮಾ ಮೇಷ್ಟ್ರು ಎದ್ದು ಬಂದು ಕೈ ಕುಲುಕಿದರು.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಇದ್ದೆ. ನಾನು ಪಕ್ಕದಲ್ಲೇ ಇದ್ದೆ. ಹಿಂದಿನ ದಿನವೇ ತಾತನಿಗೆ ತಿಳಿಸಿದ್ದೆ. ನೀನು ಕೊಟ್ಟ ಕಂದು ಶಾಲು ಮಡಿಸಿ ಅವರ ತಲೆಯ ಕೆಳಗೆ ಇಟ್ಟೆ. ಎರಡೂ ಕೈಯಿಂದ ಕೆನ್ನೆ ಹಿಡಿದುಕೊಂಡಿದ್ದೆ. ನಮ್ಮ ಐಮಾರಾ ಮಾತಿನಲ್ಲೇ ಮಾತಾಡಿಸಿದೆ, ಇನ್ನು ಸ್ವಲ್ಪ ಹೊತ್ತು ತಾತಾ, ಆಯಿತು ತಾತಾ ಎನ್ನುತ್ತಿದ್ದೆ. ನಿನ್ನ ಹೆಸರು ಹೇಳಿದೆ, ಅಣ್ಣನ ಹೆಸರು ಹೇಳಿದೆ. ಹಳೆಯ ಗಾಯದ ಹತ್ತಿರ ಬಂದಾಗ ನಿಲ್ಲಿಸಿ ಎಂದೆ, ಮೇಷ್ಟ್ರು ನಿಲ್ಲಿಸಿದರು. ಅಲ್ಲಿಗೆ ಎಣ್ಣೆ ಹಚ್ಚಿದ ಮೇಲೆಯೇ ಮುಂದುವರಿಸಿದ್ದು. ಕಿಟಕಿಯಿಂದ ಬಿಸಿಲು ಬರುತ್ತಿತ್ತು. ಮುಗಿಯುವವರೆಗೂ ನಾನು ಕೈ ತೆಗೆಯಲಿಲ್ಲ.

ಅವರಿಗೆ ಮುನಿಸಿಲ್ಲ. ಬಾಗಿಲು ಬಿಡು, ಅಣ್ಣ ಕೆಲಸಕ್ಕೆ ಹೋಗಲಿ.

ಅಮ್ಮಾ, ಆ ತಿರುವುಗಳಲ್ಲಿ ನಿಧಾನವಾಗಿ ಹೋಗಲು ಹೇಳು. ಮಂಜು ಇದ್ದರೆ ನಿಲ್ಲಿಸಿಕೊಳ್ಳಲಿ, ತಡವಾದರೂ ಆಗಲಿ. ತಲುಪಿದ ಕೂಡಲೇ ಒಂದು ಸಾಲು ಬರೆಯಲು ಹೇಳು.

ನಿನ್ನ ಮಗಳು,
ನಿಯೆವೆಸ್